ಚೆಂಡು ಬೀಳುವುದನ್ನು ನೋಡಲು ಹೋದದ್ದು

ನಮ್ಮೂರಲ್ಲಿ ಮದುವೆಯೆಂದರೆ ಎರಡು ದಿನ. ಮೊದಲ ದಿನ ಮುಹೂರ್ತದ ಹೊತ್ತಿಗೆ ಎಲ್ಲರೂ ಕೈಯೆತ್ತಿ ಅಕ್ಷತೆ ಎರಚಿ, ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಮಾರನೆಯ ದಿನ ಅದೇ ಹೊತ್ತಿಗೆ ಗಂಡು ಹೆಣ್ಣು ಇಬ್ಬರೇ ಬಂದು ಅದೇ ಮಣೆಯ ಮೇಲೆ ಕೂರುತ್ತಾರೆ. ಆಗ ಅಕ್ಷತೆ ಬೀಳುತ್ತದೆ. ವಾಲಗವಿಲ್ಲ, ಗದ್ದಲವಿಲ್ಲ, ನಿನ್ನೆ ಬಂದವರ ಹಾರೈಕೆಯೆಲ್ಲ ಸದ್ದಿಲ್ಲದೆ ತಲೆಯ ಮೇಲೆ ಉದುರುತ್ತದೆ. ನಿಜವಾದ ಮದುವೆ ಅದೇ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ತನ್ನ ಮದುವೆಯ ಮಾರನೆಯ ದಿನ ಅಕ್ಷತೆಯ ಜೊತೆ ಒಂದು ಏಲಕ್ಕಿಯೂ ಬಿತ್ತೆಂದೂ, ಎಸೆದವರು ಯಾರೆಂದು ಗೊತ್ತೇ ಆಗಲಿಲ್ಲವೆಂದೂ ಹೇಳಿ, ಹೇಳಿದಾಗಲೆಲ್ಲ ಸ್ವಲ್ಪ ನಾಚಿಕೊಳ್ಳುತ್ತಿದ್ದಳು.

ತಲೆಗಿಂತ ಎತ್ತರಕ್ಕೆ ಎಸೆದದ್ದು ಯಾವುದೂ ಅಲ್ಲಿ ಅವತ್ತೇ ಕೆಳಗೆ ಬರುತ್ತಿರಲಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಬರುತ್ತಿತ್ತು. ಅದಕ್ಕೆ ತಕ್ಕ ಹಾಗೆ ನಾವು ಬದುಕುತ್ತಿದ್ದೆವು. ಪಕ್ಕದ ಮನೆಯ ಮಹಡಿಗೆ ಬೀಗದ ಕೈ ಎಸೆದವರು, ನಾಳೆ ಈ ಹೊತ್ತಿಗೆ ಒಂಚೂರು ಒಳಗಿರಿ ಎಂದು ಹೇಳಿಹೋಗುವುದು ಮರ್ಯಾದೆ. ಸಿಟ್ಟಿನಲ್ಲಿ ಕಲ್ಲು ಬೀರಿದವನೂ, ಯಾರ ಮೇಲೆ ಬೀರಿದನೋ ಅವನೂ ಮಾರನೆಯ ದಿನ ಬಂದು ದೂರ ನಿಂತು ಕಾಯುತ್ತಿದ್ದರು. ಕಲ್ಲು ದೊಪ್ಪನೆ ಬಿದ್ದ ಮೇಲೆ ಒಟ್ಟಿಗೆ ಕಾಫಿಗೆ ಹೋಗುತ್ತಿದ್ದರು.

ಕೂಸುಗಳನ್ನು ಮಾತ್ರ ಯಾರೂ ಮೇಲಕ್ಕೆ ಹಾರಿಸಿ ಆಡಿಸುತ್ತಿರಲಿಲ್ಲ. ಅದಕ್ಕೊಂದು ಕಥೆಯಿತ್ತು. ಒಬ್ಬಳು ತಾಯಿ ಖುಷಿಯಲ್ಲಿ ಮೈಮರೆತು ಹೆಣ್ಣು ಮಗುವನ್ನು ಹಾರಿಸಿಬಿಟ್ಟಳಂತೆ. ಆಮೇಲೆ ಅಂಗಳ ಬಿಟ್ಟು ಕದಲಲಿಲ್ಲವಂತೆ, ಸೆರಗೊಡ್ಡಿಕೊಂಡು ನಿಂತೇ ಇದ್ದಳಂತೆ. ಕೇರಿಯ ಹೆಂಗಸರು ಬಂದು ಅವಳ ಬಾಯಿಗೆ ತುತ್ತಿಟ್ಟರಂತೆ. ಮಾರನೆಯ ದಿನ ಮಗು ಬಂತು. ಹಾರಿಸಿದಾಗ ಶುರುವಾದ ನಗು ಅದರ ಬಾಯಲ್ಲಿ ಇನ್ನೂ ಮುಗಿದಿರಲಿಲ್ಲವಂತೆ. ಆ ಮಗು ತನ್ನ ಓರಗೆಯವರಿಗಿಂತ ಒಂದು ದಿನ ಚಿಕ್ಕದಾಗಿಯೇ ಉಳಿಯಿತು ಎಂದು ಅಜ್ಜಿ ಕಥೆ ಮುಗಿಸುತ್ತಿದ್ದಳು. ನಾನು ಬಹಳ ದಿನ ಊರಿನ ಮುದುಕಿಯರ ಮುಖ ನೋಡಿ, ಆ ಒಂದು ದಿನ ಚಿಕ್ಕವಳು ಇವರಲ್ಲಿ ಯಾರಿರಬಹುದು ಎಂದು ಹುಡುಕಿದ್ದೇನೆ.

ಅಜ್ಜಿಗೆ ಒಬ್ಬ ತಮ್ಮನಿದ್ದ, ಭೂಷಣಜ್ಜ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿದ್ದು, ಅಂದರೆ ಎತ್ತಿದ್ದಷ್ಟೇ, ಅಜ್ಜಿಯೇ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮದುವೆಯಾಗಲಿಲ್ಲ. ಕೇಳಿದವರಿಗೆ, ಆಟ ನಡೀತಾ ಇದೆ, ಮುಗೀಲಿ ಎನ್ನುತ್ತಿದ್ದ. ಆಟವೆಂದರೆ ಗಾಲ್ಫು. ಹಿಂದೆ ಯಾರೋ ಬಿಳಿ ದೊರೆ ನಮ್ಮೂರಿಗೆ ಬಂದು, ದಿಬ್ಬದ ಹುಲ್ಲು ಬಯಲಿನಲ್ಲಿ ಒಂಬತ್ತು ಕುಳಿ ತೋಡಿಸಿ, ಒಂದು ಚೆಂಡು ಹೊಡೆದು, ಅದು ಬರಲಿಲ್ಲವೆಂದು ಇನ್ನೊಂದು ಹೊಡೆದು, ಚೀಲದಲ್ಲಿದ್ದದ್ದೆಲ್ಲ ಖಾಲಿಯಾದ ಮೇಲೆ ಕೋಲುಗಳನ್ನು ಅಲ್ಲೇ ಬಿಟ್ಟು ಅವತ್ತೇ ಊರು ಬಿಟ್ಟನಂತೆ. ಮಾರನೆಯ ದಿನ ಬಯಲಿನಲ್ಲಿ ಆಲಿಕಲ್ಲಿನ ಹಾಗೆ ಚೆಂಡು ಬಿದ್ದವು. ಆ ಚೆಂಡು, ಆ ಕೋಲುಗಳು ಕೈಯಿಂದ ಕೈಗೆ ಬಂದು ಕೊನೆಗೆ ಭೂಷಣಜ್ಜನ ಹತ್ತಿರ ಉಳಿದವು.

ಒಂದು ಹೊಡೆತಕ್ಕೆ ಒಂದು ದಿನ. ಸಂಜೆ ಹೋಗಿ ಹೊಡೆದು ಬರುವುದು, ಮಾರನೆಯ ಸಂಜೆ ಹೋಗಿ ಚೆಂಡು ಬಿದ್ದಲ್ಲಿಂದ ಮತ್ತೆ ಹೊಡೆಯುವುದು. ನೆಲದ ಮೇಲೆ ಉರುಳಿಸುವ ಹೊಡೆತಗಳು ಮಾತ್ರ ಅವತ್ತವತ್ತೇ ಮುಗಿಯುತ್ತಿದ್ದವು. ಶ್ರಾವಣದಲ್ಲಿ ಶುರುವಾದ ಆಟ ದಸರೆಯ ಹೊತ್ತಿಗೆ ಒಂಬತ್ತನೆಯ ಕುಳಿ ಮುಟ್ಟುತ್ತಿತ್ತು. ಅವನಿಗೆ ಜ್ವರ ಬಂದರೆ ಆಟಕ್ಕೂ ಜ್ವರ.

ಆ ವರ್ಷ ಅವನ ಕಣ್ಣಿನ ತೊಂದರೆ ಹೆಚ್ಚಾಯಿತು. ಎಡಗಣ್ಣು ಹೋಗಿಯೇ ಆಗಿತ್ತು, ಬಲಗಣ್ಣಿಗೂ ಸುತ್ತಲಿಂದ ಕತ್ತಲು ಮುಚ್ಚಿಕೊಂಡು ಬರುತ್ತಿತ್ತು. ಬಾಗಿಲ ಕಿಂಡಿಯಲ್ಲಿ ಬಗ್ಗಿ ನೋಡಿದ ಹಾಗೆ ನಡುವೆ ಸ್ವಲ್ಪ ಕಾಣುತ್ತಿತ್ತು. ಇರುವಷ್ಟನ್ನು ಸ್ವಲ್ಪ ದಿನ ಉಳಿಸಬಹುದು, ಬರುವ ಬೇಸಿಗೆಯ ಮಾತು ಹೇಳಲಾರೆ ಎಂದರು ಡಾಕ್ಟರು. ಅವತ್ತು ಮನೆಗೆ ಬಂದವನು ಜಗುಲಿಯಲ್ಲಿ ಕೂತು, ಕೋಲುಗಳನ್ನು ಒಂದೊಂದಾಗಿ ಒರೆಸುತ್ತ ನನ್ನನ್ನು ಕರೆದ.

"ಹಂಸಾ, ನಾನು ಚೆನ್ನಾಗಿ ಆಡ್ತೀನೋ ಇಲ್ಲವೋ ನಂಗೇ ಗೊತ್ತಿಲ್ಲ ಕಣೆ," ಅಂದ. "ಚೆಂಡು ಬೀಳೋ ಹೊತ್ತಿಗೆ, ಹೆಂಗೆ ಹೊಡೆದೆ ಅನ್ನೋದು ಕೈಗೆ ಮರೆತೇ ಹೋಗಿರುತ್ತೆ. ಹೊಡೆದ ಕೈ ಬಿಸಿ ಆರೋದ್ರೊಳಗೆ ಅದು ಬೀಳೋದನ್ನ ಒಂದು ಸಲ ನೋಡಬೇಕು. ಕಣ್ಣಿರೋವಾಗ್ಲೇ."

ಕಡಲ ತೀರದ ಪಟ್ಟಣದಲ್ಲಿ ಸಮುದ್ರಕ್ಕೆ ಅಂಟಿಕೊಂಡ ಹಾಗೆ ಒಂದು ಗಾಲ್ಫ್ ಮೈದಾನವಿದೆಯೆಂದು ಅವನಿಗೆ ಯಾವಾಗಲೋ ಗೊತ್ತಿತ್ತು. ಅಲ್ಲಿ ಎಸೆದದ್ದು ಎಸೆದ ಕೂಡಲೇ ಬೀಳುತ್ತದೆಯೆಂಬುದು ನಮ್ಮೂರಿನ ಎಲ್ಲರಿಗೂ ಗೊತ್ತಿತ್ತು. ಅಂಥಲ್ಲಿ ಜನ ಅದು ಹೇಗೆ ಜಗಳವಾಡಿ ಬದುಕಿ ಉಳಿಯುತ್ತಾರೋ ಎಂದು ಅಜ್ಜಿ ಆಶ್ಚರ್ಯಪಡುತ್ತಿದ್ದಳು.

ಈಗ ನೆನೆಸಿಕೊಂಡರೆ ಆ ಪ್ರವಾಸದಲ್ಲಿ ನನಗೆ ಬಹಳ ಇಷ್ಟವಾದದ್ದು ಹೊರಡುವ ಮುಂಚಿನ ದಿನಗಳೇ ಅನ್ನಿಸುತ್ತದೆ. ಭೂಷಣಜ್ಜ ಜಗುಲಿಯ ನೆಲದ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಇಡೀ ಪಟ್ಟಣವನ್ನು ಬರೆದ. ನೋಡಿರದ ಊರು, ಕೇಳಿದ್ದರ ಮೇಲೆ ಬರೆದದ್ದು. ಇಲ್ಲಿ ಬಸ್ಸು ನಿಲ್ಲುತ್ತೆ, ಇಲ್ಲಿ ಲಾಡ್ಜು, ಇಲ್ಲಿ ದೀಪಸ್ತಂಭ, ಇಲ್ಲಿ ಮೀನು ದೋಣಿಗಳ ಬಂದರು. ಮೈದಾನವನ್ನು ಹಸಿರಿನಲ್ಲಿ ತುಂಬಿದ. ಕೊನೆಗೆ ಗೋಡೆಯುದ್ದಕ್ಕೂ ನೆಲಕ್ಕೆ ನೀಲಿ ಬಳಿದು ಸಮುದ್ರ ಮಾಡಿದ. ಅಜ್ಜಿ ದಿನವೂ ಪಟ್ಟಣವನ್ನೂ ಸಮುದ್ರವನ್ನೂ ಬಿಟ್ಟು ಮಿಕ್ಕ ಜಗುಲಿ ಗುಡಿಸಿದಳು. ನೀರಿನ ಕೊಡ ಹೊತ್ತು ಬರುವಾಗಲೂ ದಡದ ಮೇಲೆ ಸುತ್ತಿ ಬರುತ್ತಿದ್ದಳೇ ಹೊರತು ಒಂದು ದಿನವೂ ತುಳಿಯಲಿಲ್ಲ.

ಶುಕ್ರವಾರದ ಬಸ್ಸಿಗೆ ಹೋಗಿ ಭಾನುವಾರದ ಬಸ್ಸಿಗೆ ಬರುವುದೆಂದು ಮಾತಾಯಿತು. ಶನಿವಾರ ಏನೇನು ನೋಡುವುದೆಂಬುದರಲ್ಲಿ ಜಗಳ. ನನಗೆ ದೀಪಸ್ತಂಭ ಹತ್ತಬೇಕು. ಭೂಷಣಜ್ಜನಿಗೆ ಬಂದರಿನಲ್ಲಿ ಬಲೆ ಬೀಸುವುದನ್ನು ನೋಡಬೇಕು, ಬೀಸಿದ ಕೂಡಲೇ ನೀರಿಗೆ ಬೀಳುವ ಬಲೆ. ಇದಕ್ಕೂ ಮುಂಚೆ, ದಿನ ಗೊತ್ತು ಮಾಡುವ ಮೊದಲೇ, ಇಬ್ಬರೂ ಸೇರಿ ಮೈದಾನದವರಿಗೆ ಫೋನು ಮಾಡಿದ್ದೆವು. ಅವನು ಗಂಟಲು ಸರಿಮಾಡಿಕೊಂಡು, ಹದಿನೆಂಟು ಕುಳಿಯ ಆಟ ಆಡಬೇಕೆಂದೂ, ಅದಕ್ಕೆ ಎಷ್ಟು ತಿಂಗಳು ರೂಮು ಮಾಡಬೇಕಾಗುತ್ತದೆಂದೂ ವಿಚಾರಿಸಿದ. ಆ ಕಡೆಯವರು, ತಿಂಗಳು ಯಾಕೆ, ಬೆಳಿಗ್ಗೆ ಬೇಗ ಬಂದರೆ ತಿಂಡಿಯ ಹೊತ್ತಿಗೆ ಮುಗಿದುಹೋಗುತ್ತದೆ ಸಾರ್ ಎಂದರು. ಭೂಷಣಜ್ಜ ಫೋನಿಗೆ ಕೈ ಅಡ್ಡ ಹಿಡಿದು, "ತಿಂಡಿ ಹೊತ್ತಿಗಂತೆ ಕಣೆ," ಎಂದು ನನಗೆ ಪಿಸುಗುಟ್ಟಿದ. ಅವನ ಮುಖದಲ್ಲಿ ಖುಷಿಗಿಂತ ಹೆಚ್ಚಾಗಿ ಗಾಬರಿಯಿತ್ತು.

ಅಜ್ಜಿ ಮಾತ್ರ ಈ ಪ್ರವಾಸಕ್ಕೆ ಒಪ್ಪಿರಲಿಲ್ಲ. ಬಾಯಿಬಿಟ್ಟು ಬೇಡವೆನ್ನಲಿಲ್ಲ, ಬಸ್ಸಿನಲ್ಲಿ ವಾಂತಿಯಾದೀತು, ಕಡಲ ಊರಿನ ನೀರು ಆಗದು ಎಂದು ಸುತ್ತಿ ಬಳಸಿ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಬುತ್ತಿಗೆಂದು ಅವಲಕ್ಕಿ ಹುರಿಯುವಾಗ ನಾನೇ ಕೇಳಿದೆ, ಯಾಕಜ್ಜಿ, ಅವನ ಒಂದು ಆಸೆಗೆ ಇಷ್ಟು ಕೊಕ್ಕೆ ಯಾಕೆ ಹಾಕ್ತೀಯ ಎಂದು. ಅವಳು ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ.

"ನಾಳೆ ಚೆನ್ನಾಗಿ ಬೀಳುತ್ತೆ, ನಾಳೆ ಚೆನ್ನಾಗಿ ಬೀಳುತ್ತೆ ಅಂದ್ಕೊಂಡೇ ಇಷ್ಟು ವರ್ಷ ಆಡಿದಾನೆ ಕಣೆ ಅವನು. ಅಲ್ಲಿ ಹೋಗಿ, ತನಗೆ ಆಡಕ್ಕೇ ಬರಲ್ಲ ಅಂತ ಗೊತ್ತಾದ್ರೆ? ಕಣ್ಣೂ ಹೋಗಿ ಅದೂ ಹೋದ್ರೆ, ಅವನ ಹತ್ರ ಇನ್ನೇನು ಉಳಿಯುತ್ತೆ ಹೇಳು."

ಅವಲಕ್ಕಿ ಸ್ವಲ್ಪ ಸೀದುಹೋಯಿತು. ಆಮೇಲೆ ಅವಳೇ ಒಲೆ ಆರಿಸಿ, ಹೋಗುವುದಾದರೆ ತಾನೂ ಬರುತ್ತೇನೆಂದಳು. ಅವನು ಬಿದ್ದು ಮಂಡಿ ಕೆತ್ತಿಕೊಂಡಾಗಲೆಲ್ಲ ಪಕ್ಕದಲ್ಲಿ ತಾನಿದ್ದೆ, ಈಗ ಬಿಟ್ಟುಕೊಡುವುದಿಲ್ಲ ಎಂದಳು.

ಹೊರಟೆವು. ನಮ್ಮೂರಿನ ಗಡಿಯ ಸೇತುವೆ ದಾಟಿದ ಮೇಲೆ ಬಸ್ಸು ಒಂದು ಹೋಟೆಲಿನ ಮುಂದೆ ನಿಂತಿತು. ಅಜ್ಜಿ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗಿನಿಂದ ಒಂದು ಕಡಲೆಬೀಜ ತೆಗೆದು ತಲೆಯ ಮೇಲಕ್ಕೆ ಎಸೆದಳು. ಅದು ನೇರ ಅವಳ ಬೈತಲೆಯ ಮೇಲೆ ಬಿತ್ತು. "ಇವತ್ತೇ ಬಂತಲ್ಲೇ," ಎಂದು ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ದಾರಿಯುದ್ದಕ್ಕೂ ಕಿಟಕಿಯಿಂದ ಆಚೆ ಜನರನ್ನು ನೋಡುತ್ತ, ಪಾಪ, ಯಾವುದಕ್ಕೂ ಪುರಸೊತ್ತಿಲ್ಲದ ಜನ ಎಂದು ಮರುಗುತ್ತಿದ್ದಳು.

ಮಾರನೆಯ ಬೆಳಿಗ್ಗೆ ನಾವು ಮೈದಾನದಲ್ಲಿದ್ದೆವು. ಒಂದು ಕಡೆ ಗಾಳಿಮರದ ಸಾಲು, ಅದರಾಚೆ ಸಮುದ್ರದ ಸದ್ದು. ಭೂಷಣಜ್ಜ ಸಮುದ್ರವನ್ನು ಕೇಳಿಸಿಕೊಂಡನೇ ಹೊರತು ಆ ಕಡೆ ತಿರುಗಲಿಲ್ಲ, ಇರುವ ಕಣ್ಣನ್ನು ಚೆಂಡಿಗೆಂದು ಉಳಿಸಿಕೊಂಡಿದ್ದ. ಕೋಲಿನ ಚೀಲ ಹೊರಲು ಐತಪ್ಪ ಎನ್ನುವ ನಡುವಯಸ್ಸಿನವರೊಬ್ಬರು ಬಂದಿದ್ದರು. ದೊರೆಯ ಕಾಲದ ಕೋಲುಗಳನ್ನು ನೋಡಿ ಅವರು, ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದಲ್ಲವಾ ಮಾರಾಯ್ರೆ ಎಂದು ನಕ್ಕರು. ನಾವು ಮಾಡಿಕೊಂಡ ಏರ್ಪಾಡು ಸರಳವಾಗಿತ್ತು. ಅವನು ಹೊಡೆಯುವುದು. ಚೆಂಡು ಆಕಾಶದಲ್ಲಿ ಎಲ್ಲಿದೆಯೆಂದು ನಾನು ಹೇಳುವುದು. ಅವನು ತನ್ನ ಕಿಂಡಿಯನ್ನು ಅಲ್ಲಿಗೆ ಹೊಂದಿಸಿ, ಬೀಳುವವರೆಗೂ ಬಿಡದೆ ನೋಡುವುದು.

ಮೊದಲ ಹೊಡೆತ. ಠಪ್ಪೆಂದು ಸದ್ದಾಯಿತು, ಸೊಗಸಾದ ಸದ್ದು. ಮರುಗಳಿಗೆಯಲ್ಲಿ ನಾವು ಮೂವರೂ ಅತ್ತ ಬೆನ್ನು ತಿರುಗಿಸಿ ನಡೆಯತೊಡಗಿದ್ದೆವು. ಭೂಷಣಜ್ಜ ಕೋಲನ್ನು ಹೆಗಲಿಗೆ ಏರಿಸಿದ್ದ. ನಾನು ಅವನ ಹಿಂದೆ, ನನ್ನ ಹಿಂದೆ ಅಜ್ಜಿ. ಎಲ್ಲಿಗೆ ಹೋಗುತ್ತಿದ್ದೇವೆಂದು ಕೇಳಿದ್ದರೆ ಮೂವರೂ ಮನೆಗೆ ಎಂದೇ ಹೇಳುತ್ತಿದ್ದೆವೇನೋ.

"ಅಜ್ಜ, ಎಲ್ಲಿಗೆ ಹೊರಟ್ರಿ?" ಐತಪ್ಪ ಹಿಂದಿನಿಂದ ಕರೆದರು. "ಬಿತ್ತಲ್ಲ ಅಲ್ಲಿ. ನೀವು ನೋಡ್ಲೇ ಇಲ್ಲ."

ನಮ್ಮೂರಲ್ಲಿ ಎಸೆದದ್ದರ ಕಡೆ ಯಾರೂ ಕತ್ತೆತ್ತಿ ನಿಲ್ಲುವುದಿಲ್ಲ. ನಿಂತು ನೋಡುವುದಕ್ಕೆ ಅಲ್ಲೇನೂ ಇರುವುದಿಲ್ಲ. ಎಸೆದೆವು, ತಿರುಗಿದೆವು, ಮುಂದಿನ ಕೆಲಸ. ನಡೆಯುವುದನ್ನು ಕಲಿತಾಗಲೇ ಇದನ್ನೂ ಕಲಿತಿರುತ್ತೇವೆ. ಅಷ್ಟು ದಿನ ಕೂತು, ಬಸ್ಸು, ಬುತ್ತಿ, ಲಾಡ್ಜು, ಡಾಕ್ಟರ ಹನಿ ಔಷಧಿ ಎಲ್ಲವನ್ನೂ ಯೋಚಿಸಿದ್ದ ನಮಗೆ ಇದೊಂದು ಹೊಳೆದೇ ಇರಲಿಲ್ಲ. ಹೊಳೆಯುವುದಾದರೂ ಹೇಗೆ, ಇದು ಅಭ್ಯಾಸವೆಂದೇ ನಮಗೆ ಗೊತ್ತಿರಲಿಲ್ಲ.

ಎರಡನೆಯ ಚೆಂಡಿಗೆ ಅವನು ಹಲ್ಲು ಕಚ್ಚಿ ಕತ್ತನ್ನು ಬಿಗಿಹಿಡಿದ. ಕತ್ತು ನಿಂತಿತು, ಆದರೆ ಅದರ ಜೊತೆ ಕೈಯೂ ನಿಂತಿತು. ಚೆಂಡು ಹುಲ್ಲಿನ ಮೇಲೆ ನಾಲ್ಕು ಮಾರು ಉರುಳಿ ಸುಮ್ಮನಾಯಿತು. ಇನ್ನೊಂದು ಹೊಡೆದ, ಅದೂ ಹಾಗೇ. ತಿರುಗದೇ ಇರಬೇಕೆಂದು ನೆನಪಿಟ್ಟುಕೊಂಡರೆ ಹೊಡೆತ ಕೆಡುತ್ತಿತ್ತು. ಮರೆತು ಹೊಡೆದರೆ ಚೆಂಡು ಹಕ್ಕಿಯ ಹಾಗೆ ಏರುತ್ತಿತ್ತು, ಅವನು ತಿರುಗಿಬಿಡುತ್ತಿದ್ದ. ಒಂದು ಸಲ ನಾನು ಅವನ ಎರಡೂ ಭುಜ ಹಿಡಿದು ನಿಂತೆ. ಕೋಲು ನನ್ನ ಕಿವಿಯ ಪಕ್ಕ ಸುಯ್ಯೆಂದಿತು, ಐತಪ್ಪ ಓಡಿ ಬಂದು ನನ್ನನ್ನು ಎಳೆದರು. ಹಿಂದೆ ಆಡುವವರು ಬಂದು ಕಾಯುತ್ತಿದ್ದರು, ಅವರಿಗೆ ನಾವು ದಾರಿ ಬಿಟ್ಟೆವು. ಬಿಸಿಲು ಏರುತ್ತಿತ್ತು. ಬಿಸಿಲು ಹೆಚ್ಚಾದರೆ ಅವನ ಕಿಂಡಿಯಲ್ಲೂ ಬರೀ ಬೆಳ್ಳಗೆ ಕಾಣುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಭೂಷಣಜ್ಜ ಕೋಲು ಕೆಳಗಿಟ್ಟು ಹುಲ್ಲಿನ ಮೇಲೆ ಕೂತ. ಸೋತು ಕೂತ ಹುಡುಗನ ಹಾಗಿದ್ದ. ಹೋಗಲಿ ಬಿಡಿ, ದೀಪಸ್ತಂಭ ನೋಡೋಣ ನಡೀರಿ ಎಂದ. ನನಗೆ ಅಳು ಬಂತು. ಅಜ್ಜಿ ಮೊದಲ ಹೊಡೆತದ ಮೇಲೆ ಮರದ ನೆರಳಿಗೆ ಹೋಗಿ ನಿಂತು ನೋಡುತ್ತಿದ್ದವಳು, ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಡೆದು ಬಂದಳು. ಅವಳು ಇದೇ ನೆವದಲ್ಲಿ ಅವನನ್ನು ಎಬ್ಬಿಸಿಕೊಂಡು ಹೊರಡುತ್ತಾಳೆ ಎಂದುಕೊಂಡೆ. ತನ್ನ ಆಟ ಎಂಥದೆಂದು ಅವನಿಗೆ ಗೊತ್ತಾಗದೇ ಉಳಿಯಲಿ ಎಂದು ಅವಳಿಗಿತ್ತಲ್ಲ. ಅವಳು ಅವನ ಎದುರಿಗೆ ನಿಂತು ಅವನ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಏನು ಕಂಡಳೋ.

"ಏಳೋ," ಅಂದಳು. "ತಿರುಗೋದನ್ನ ಯಾಕೆ ನಿಲ್ಲಿಸ್ತೀಯ? ತಿರುಗು. ಅರ್ಧಕ್ಕೆ ನಿಲ್ಲಬೇಡ, ಪೂರ್ತಿ ತಿರುಗು."

ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಕೋಲಿನಿಂದ ಇಲ್ಲದ ಚೆಂಡನ್ನು ಹೊಡೆದು, ಬೆನ್ನು ತಿರುಗಿಸಿ, ನಿಲ್ಲದೆ ಬುಗುರಿಯ ಹಾಗೆ ಒಂದು ಸುತ್ತು ಸುತ್ತಿ ಮತ್ತೆ ಅದೇ ದಿಕ್ಕಿಗೆ ಮುಖ ಮಾಡಿ ನಿಂತಳು. ಐತಪ್ಪ ಬಾಯಿಗೆ ಟವೆಲು ಅಡ್ಡ ಹಿಡಿದರು. ನಗುತ್ತಿದ್ದರೆಂದು ಅವರ ಹೊಟ್ಟೆಯಿಂದ ಗೊತ್ತಾಗುತ್ತಿತ್ತು.

ಭೂಷಣಜ್ಜ ಎದ್ದ. ಹೊಡೆದ. ಠಪ್. ಮೈ ತಾನಾಗಿ ತಿರುಗಿತು, ಕೋಲು ಹೆಗಲಿಗೇರಿತು. ಅಜ್ಜಿ, ಇನ್ನೂ, ಇನ್ನೂ ಎನ್ನುತ್ತಿದ್ದಳು. ಅವನು ತೊದಲು ಹೆಜ್ಜೆಯಲ್ಲಿ ಸುತ್ತಿದ, ತೂರಾಡಿದ, ಮತ್ತೆ ಮೈದಾನದ ಕಡೆಗೆ ಬಂದು ನಿಂತ. ಅವನ ಜೊತೆ ನಾನೂ ಒಂದು ಸುತ್ತು ಬಂದಿದ್ದೆ. ಚೆಂಡು ಇನ್ನೂ ಮೇಲಿತ್ತು. ಮರದ ತುದಿಗೆ ನೇರ, ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ನಾನು ಅವನ ಕಿವಿಯಲ್ಲಿ ಹೇಳಿದೆ. ಸಿಕ್ಕಿತು, ಅಂದ. ಚೆಂಡು ಏರುವುದನ್ನು ಬಿಟ್ಟು, ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಇಳಿಯತೊಡಗಿತು. ಇಳಿಯುತ್ತ ಇಳಿಯುತ್ತ ಬಲಕ್ಕೆ ವಾಲಿ, ಕುಳಿಯಿಂದ ಬಹಳ ದೂರದ ಮರಳಿನ ಹೊಂಡಕ್ಕೆ ಬಿತ್ತು. ಮರಳು ಎದ್ದಿತು, ಎದ್ದದ್ದು ಅಲ್ಲೇ ಉದುರಿತು.

ಅವನು ತನ್ನ ಎರಡೂ ಅಂಗೈಗಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡ.

"ಎಡಗೈ ಮೊದಲೇ ತಿರುಗಿಬಿಡುತ್ತೆ ಅಕ್ಕ," ಅಂದ ಕೊನೆಗೆ. "ಅದಕ್ಕೇ ಬಲಕ್ಕೆ ಹೋಗೋದು. ಇಷ್ಟು ವರ್ಷ ಗಾಳಿ ಅಂದ್ಕೊಂಡಿದ್ದೆ. ನಾನು ಅಷ್ಟೇನೂ ಚೆನ್ನಾಗಿ ಆಡಲ್ಲ."

ಅಜ್ಜಿ ಸರಕ್ಕನೆ ಅವನ ಪಕ್ಕಕ್ಕೆ ಹೋಗಿ ನಿಂತಳು. ಆದರೆ ಅವನು ಆಗಲೇ ಐತಪ್ಪನವರ ಕಡೆ ಕೈ ಚಾಚಿ ಇನ್ನೊಂದು ಚೆಂಡು ಕೇಳುತ್ತಿದ್ದ. ಹೊಡೆದ, ಸುತ್ತಿದ, ನೋಡಿದ. ಇನ್ನೊಂದು. ಅದು ಬಲಕ್ಕೆ ವಾಲಿದರೂ ಅಷ್ಟು ವಾಲಲಿಲ್ಲ. ಈಗ ನೋಡು, ಎಡಗೈ ತಡೆದೆ ಎಂದು ನಮಗೆಲ್ಲ ವಿವರಿಸುತ್ತ ಮತ್ತೊಂದು ಹೊಡೆದ. ಬಂದ ಕೆಲಸ ಒಂದು ಸಲ ನೋಡುವುದಾಗಿತ್ತು, ಅದು ಅವನಿಗೆ ಮರೆತೇ ಹೋಗಿತ್ತು. ನಾವು ಎರಡನೆಯ ಕುಳಿಯ ಕಡೆಗೆ ಹೋಗಲೇ ಇಲ್ಲ. ಮುಂದಕ್ಕೆ ಹೋಗುವವರಿಗೆ ದಾರಿ ಬಿಡುತ್ತ, ಅಲ್ಲೇ ಬದಿಯಲ್ಲಿ ನಿಂತು ಆಡಿದೆವು. ಐತಪ್ಪ ಚೆಂಡು ಹೆಕ್ಕಿ ತಂದು ತಂದು ಕೊಟ್ಟರು, ಆಮೇಲಾಮೇಲೆ ಅವರೂ ಪ್ರತಿ ಹೊಡೆತಕ್ಕೆ ಒಂದು ಸುತ್ತು ಬಂದರು. ಯಾಕೆಂದು ಕೇಳಿದರೆ, ನೀವೆಲ್ಲ ಸುತ್ತುವಾಗ ನಾನೊಬ್ಬ ನಿಂತರೆ ಚೆಂದ ಕಾಣುವುದಿಲ್ಲ ಅಂದರು. ತಿಂಡಿಯ ಹೊತ್ತು ಹೋಯಿತು. ನನ್ನ ದೀಪಸ್ತಂಭವೂ ಹೋಯಿತು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವನಿಗೆ ಚೆಂಡು ಸಿಗುವುದು ಕಷ್ಟವಾಗತೊಡಗಿತು. ನನ್ನ ಎಡಕ್ಕೆ ಬಲಕ್ಕೆಗಳು ಹೆಚ್ಚಾದವು. ಇನ್ನೊಂದೇ ಸಲ ಕಂಡೀತು ಎಂದು ಅವನಿಗೇ ಗೊತ್ತಾಗಿರಬೇಕು. ಆ ಒಂದನ್ನು ಅವನು ಹೊಡೆಯಲಿಲ್ಲ. ಕೋಲನ್ನು ನನ್ನ ಕೈಗೆ ಕೊಟ್ಟ.

"ನೀನು ಹೊಡಿ," ಅಂದ. "ನಾನು ನೋಡ್ತೀನಿ."

ನಾನು ಅದುವರೆಗೆ ಒಂದು ಚೆಂಡನ್ನೂ ಹೊಡೆದವಳಲ್ಲ. ಅವನು ನನ್ನ ಬೆರಳುಗಳನ್ನು ಕೋಲಿನ ಸುತ್ತ ಒಂದೊಂದಾಗಿ ಕೂರಿಸಿದ, ಚಿಕ್ಕಂದಿನಲ್ಲಿ ಪೆನ್ಸಿಲು ಹಿಡಿಸಿದ ಹಾಗೆ. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನಿಂತ. ನಾನು ಕಣ್ಣು ಮುಚ್ಚಿ ಬೀಸಿದೆ. ಠಪ್ಪೆಂದದ್ದು ಮೊಣಕೈಯವರೆಗೂ ಬಂತು. ಮೈ ತಿರುಗಿತು.

ಪೂರ್ತಿ ತಿರುಗೇ ಎಂದು ಅಜ್ಜಿ ಹೇಳಿದ್ದು ಕೇಳಿಸಿತು. ನಾನು ಅರ್ಧಕ್ಕೇ ನಿಂತೆ. ಎದುರಿಗೆ ಭೂಷಣಜ್ಜನ ಮುಖವಿತ್ತು. ಅವನು ತಿರುಗಿರಲಿಲ್ಲ. ಗಲ್ಲ ಎತ್ತಿ, ಒಳ್ಳೆಯ ಕಣ್ಣನ್ನು ಕಿರಿದು ಮಾಡಿ, ನನ್ನ ತಲೆಯ ಮೇಲಿನಿಂದ ಆಚೆ ನೋಡುತ್ತಿದ್ದ. ಯಾರೂ ಅವನಿಗೆ ದಿಕ್ಕು ಹೇಳುತ್ತಿರಲಿಲ್ಲ. ಆ ಮುಖ ಮೆಲ್ಲಗೆ ಏರಿತು, ಏರಿ ಒಂದು ಕಡೆ ನಿಂತಿತು. ಅವನ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಆಮೇಲೆ ಮುಖ ಇಳಿಯತೊಡಗಿತು, ಅವಸರವಿಲ್ಲದೆ, ಒಂದಿಷ್ಟೂ ಅತ್ತಿತ್ತ ವಾಲದೆ. ಚೆಂಡು ನೆಲ ಮುಟ್ಟಿದ ಕ್ಷಣ ನನಗೆ ಅವನ ರೆಪ್ಪೆ ಮಿಟುಕಿದ್ದರಲ್ಲಿ ಗೊತ್ತಾಯಿತು.